ಸಾಲು ತಿರುಗುವ ಜಾಗ

ದಾವಣಗೆರೆಯಲ್ಲಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಅವರು ಕವಿತೆಗಿಂತ ಜಾಸ್ತಿ ಹೆದರುವುದು ಅದರ ಜೊತೆ ಬರುವ ಹೆಸರುಗಳಿಗೆ. ವರ್ಸ್, ಸ್ಟ್ಯಾಂಜಾ, ಎಂಜಾಂಬ್‌ಮೆಂಟ್. ಗೈಡ್ ನೋಡಿ ಅರ್ಥ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದರೆ ಅದೂ ಮುಗಿಯಿತು. ಅದಕ್ಕೇ ನಾನು ಆ ಪದ ಎಲ್ಲಿಂದ ಬಂತು ಅನ್ನುವುದನ್ನೇ ಮೊದಲು ಹೇಳುತ್ತೇನೆ.

ವರ್ಸ್, ಅಂದರೆ ಪದ್ಯ, ಬಂದಿದ್ದು ಲ್ಯಾಟಿನ್ನಿನ ವರ್ಸುಸ್‌ನಿಂದ. ಅದರ ಬೇರು ತಿರುಗುವುದು. ರೈತ ನೇಗಿಲು ಹಿಡಿದು ಹೊಲದ ತುದಿ ಮುಟ್ಟಿ, ಎತ್ತು ತಿರುಗಿಸಿಕೊಂಡು ಮತ್ತೆ ಈ ಕಡೆಗೆ ಬರುತ್ತಾನಲ್ಲ, ಹಾಗೆ ಮೂಡಿದ ಸಾಲಿಗೂ ರೋಮನ್ನರು ಅದೇ ಪದ ಹೇಳುತ್ತಿದ್ದರು, ಬರೆದ ಸಾಲಿಗೂ ಅದೇ. ಇದನ್ನು ಬೋರ್ಡ್ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಾಗ, ವರ್ಷವೆಲ್ಲ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿದ್ದ ಜಗಳೂರು ಕಡೆಯ ಹುಡುಗನೊಬ್ಬ ಎದ್ದು ನಿಂತ. "ಸಾರ್, ನಾವೂ ಹೊಲದಾಗೆ ಸಾಲು ಅಂತೀವಿ, ಪದ್ಯದಾಗೂ ಸಾಲು ಅಂತೀವಿ, ಅಲ್ವಾ?" ಎಷ್ಟು ಸಲ ಈ ಪಾಠ ಮಾಡಿದ್ದೆ, ನನಗೆ ಇದು ಹೊಳೆದೇ ಇರಲಿಲ್ಲ. ಅವತ್ತು ತುಂಬಾ ಖುಷಿಯಾಯಿತು.

ಪ್ರೋಸ್ ಕೂಡ ಇದೇ ಮನೆತನದ್ದು. ಪ್ರೊರ್ಸುಸ್, ಅಂದರೆ ತಿರುಗದೆ ನೇರ ಮುಂದಕ್ಕೆ. ಗದ್ಯದ ಸಾಲು ಎಲ್ಲಿ ಮುರಿಯಬೇಕು ಅನ್ನುವುದನ್ನು ಕಾಗದದ ಅಗಲ ಹೇಳುತ್ತದೆ, ಪದ್ಯದಲ್ಲಿ ಕವಿಯೇ ಹೇಳಬೇಕು.

ಸ್ಟ್ಯಾಂಜಾ ಇಟಾಲಿಯನ್ ಪದ. ಅಲ್ಲಿ ಇವತ್ತಿಗೂ ಕೋಣೆಗೆ ಅದೇ ಹೆಸರು. ನಾವು ಚರಣ ಅನ್ನುತ್ತೇವೆ, ಆದರೆ ನನಗೆ ಅಂಕಣ ಅನ್ನುವುದೇ ಇನ್ನೂ ಹತ್ತಿರ. ಹಳೇ ಮನೆಗಳನ್ನು ನಮ್ಮಲ್ಲಿ ಅಂಕಣದ ಲೆಕ್ಕದಲ್ಲೇ ಹೇಳುವುದು, ಕಂಬದಿಂದ ಕಂಬಕ್ಕೆ ಒಂದು ಅಂಕಣ. ಜಾಗ ಬಿಟ್ಟ ಕಡೆ ಒಂದು ಉಸಿರು ತೆಗೆದುಕೊಂಡು ಮುಂದಿನ ಅಂಕಣಕ್ಕೆ ಹೋಗಿ ಅಂತ ಮಕ್ಕಳಿಗೆ ಹೇಳುತ್ತೇನೆ.

ಎಂಜಾಂಬ್‌ಮೆಂಟ್ ಅಂದ ಕೂಡಲೇ ಮುಖ ಸಣ್ಣದಾಗುತ್ತದೆ. ಫ್ರೆಂಚಿನಲ್ಲಿ ಜಾಂಬ್ ಅಂದರೆ ಕಾಲು. ಬದು ಬಂದಾಗ ಕಾಲೆತ್ತಿ ಆಚೆಗೆ ಇಡುತ್ತೇವಲ್ಲ, ಅಷ್ಟೇ. ಮಾತು ಸಾಲಿನ ಕೊನೆಯಲ್ಲಿ ನಿಲ್ಲದೆ ಮುಂದಿನ ಸಾಲಿಗೆ ದಾಟುತ್ತದೆ. 1807ರಲ್ಲಿ ಅಚ್ಚಾದ ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ಸ್ ಪದ್ಯ ತೆಗೆಯಿರಿ. ಮೊದಲ ಸಾಲು ಕ್ಲೌಡ್ ಅನ್ನುವಲ್ಲಿಗೆ ಮುಗಿಯುತ್ತದೆ, ಆ ಮೋಡ ತೇಲುವುದು ಎರಡನೇ ಸಾಲಿನಲ್ಲಿ. ಮಕ್ಕಳು ಕ್ಲೌಡ್ ಹತ್ತಿರ ಗಕ್ಕನೆ ನಿಲ್ಲುತ್ತಾರೆ, ಪಾಪ, ಮೋಡವೂ ಅಲ್ಲೇ ನಿಂತುಬಿಡುತ್ತದೆ. ಒಂದು ಸಲ ಜೋರಾಗಿ, ಆ ಬದು ದಾಟಿಕೊಂಡು ಓದಿ ನೋಡಿ.