ಧನುಷ್ಕೋಡಿಗೆ ದೆವ್ವದ ಊರು ಅನ್ನೋ ಹೆಸರು ಬಂದದ್ದು ಹೇಗೆ?

ಜಗತ್ತಿನ ಭಯಾನಕ ತಾಣಗಳ ಪಟ್ಟಿ ತೆಗೆದರೆ ಉಕ್ರೇನಿನ ಪ್ರಿಪ್ಯಾತ್, ಜಪಾನಿನ ಹಾಶಿಮಾ ದ್ವೀಪದ ಜೊತೆಗೆ ತಮಿಳುನಾಡಿನ ಧನುಷ್ಕೋಡಿಯೂ ಆಗಾಗ ಕಾಣಿಸುತ್ತದೆ. ನಮ್ಮ ಕಡೆಯಿಂದ ರಾಮೇಶ್ವರಕ್ಕೆ ಹೋಗುವವರು ಅಲ್ಲಿಗೂ ಹೋಗಿ, ಪಾಳುಬಿದ್ದ ಚರ್ಚಿನ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಕತ್ತಲಾದ ಮೇಲೆ ಅಲ್ಲಿ ಇರಬಾರದಂತೆ, ಸತ್ತವರು ಓಡಾಡುತ್ತಾರಂತೆ ಅನ್ನುವ ಮಾತು ಬೇರೆ. ಆದರೆ ಆ ಊರಿಗೆ ಆಗಿದ್ದೇನು ಅಂತ ಕೇಳುವವರು ಕಡಿಮೆ.

ರಾಮೇಶ್ವರ ಇರುವ ಪಾಂಬನ್ ದ್ವೀಪದ ತುದಿಯಲ್ಲಿರುವ ಈ ಜಾಗದಿಂದ ಶ್ರೀಲಂಕಾದ ತಲೈಮನ್ನಾರ್‌ಗೆ ಸುಮಾರು 30 ಕಿ.ಮೀ. ಅಷ್ಟೇ. 1914ರಲ್ಲಿ ಈ ದ್ವೀಪವನ್ನು ಆಚೆ ದಡಕ್ಕೆ ಸೇರಿಸುವ ಪಾಂಬನ್ ರೈಲು ಸೇತುವೆ ಶುರುವಾದ ಮೇಲೆ ಮದರಾಸಿನಿಂದ ರೈಲಿನಲ್ಲಿ ಬಂದು, ಇಲ್ಲಿ ಹಡಗು ಹತ್ತಿ, ಆ ದಡದಲ್ಲಿ ಮತ್ತೆ ರೈಲು ಹಿಡಿದು ಕೊಲಂಬೊ ತಲುಪಬಹುದಿತ್ತು. ಜನ ಅದನ್ನು ಬೋಟ್ ಮೇಲ್ ಅಂತಲೇ ಕರೆಯುತ್ತಿದ್ದರು. ರೈಲ್ವೆ ಸ್ಟೇಷನ್, ಕಸ್ಟಮ್ಸ್ ಕಚೇರಿ, ಅಂಚೆ ಕಚೇರಿ, ಶಾಲೆ, ಆಸ್ಪತ್ರೆ ಎಲ್ಲವೂ ಇದ್ದ ಊರು. ಕಾಶಿಯಾತ್ರೆ ಮುಗಿಸಿದವರು ಇಲ್ಲಿ ಸೇತು ಸ್ನಾನ ಮಾಡಿದರೇನೇ ಯಾತ್ರೆ ಪೂರ್ತಿ ಅನ್ನುವ ನಂಬಿಕೆ ಇತ್ತು, ಈಗಲೂ ಇದೆ.

1964ರ ಡಿಸೆಂಬರ್ 22ರ ರಾತ್ರಿ. ಶ್ರೀಲಂಕಾ ದಾಟಿ ಬಂದ ಚಂಡಮಾರುತ ನೇರವಾಗಿ ಇಲ್ಲಿಗೆ ಅಪ್ಪಳಿಸಿತು. ಪಾಂಬನ್‌ನಿಂದ ಹೊರಟಿದ್ದ 653ನೇ ನಂಬರಿನ ಪ್ಯಾಸೆಂಜರ್ ರೈಲು ಧನುಷ್ಕೋಡಿಗೆ ಇನ್ನೇನು ಸ್ವಲ್ಪ ದೂರ ಇದೆ ಅನ್ನುವಾಗ ನಿಂತಿತು. ಸಿಗ್ನಲ್ ಕೆಟ್ಟಿತ್ತು. ಸುತ್ತ ಕಗ್ಗತ್ತಲು, ಮಳೆ, ಗಾಳಿ. ಡ್ರೈವರ್ ಸ್ವಲ್ಪ ಹೊತ್ತು ಕಾದು, ಉದ್ದಕ್ಕೆ ಶಿಳ್ಳೆ ಹಾಕಿ ರೈಲನ್ನು ಮುಂದಕ್ಕೆ ಬಿಟ್ಟರು ಅಂತ ಹೇಳುತ್ತಾರೆ. ಆಳೆತ್ತರಕ್ಕಿಂತ ಎಷ್ಟೋ ಪಾಲು ದೊಡ್ಡ ಅಲೆ ಬಂದು ಆರೂ ಬೋಗಿಗಳನ್ನು ನುಂಗಿತು. ಲೆಕ್ಕಕ್ಕೆ ಸಿಕ್ಕವರೇ ನೂರಕ್ಕೂ ಹೆಚ್ಚು ಜನ. ಟಿಕೆಟ್ ಇಲ್ಲದೆ ಹತ್ತಿದವರು ಎಷ್ಟೋ, ಯಾರಿಗೆ ಗೊತ್ತು? ಒಬ್ಬರೂ ಉಳಿಯಲಿಲ್ಲ. ತಂತಿ, ಹಳಿ ಎಲ್ಲ ಕಿತ್ತುಹೋಗಿದ್ದರಿಂದ ಸುದ್ದಿ ಹೊರಗೆ ಬರುವುದೂ ತಡವಾಯಿತು. ಆ ಚಂಡಮಾರುತದಲ್ಲಿ ಸತ್ತವರು ಒಟ್ಟು ಸುಮಾರು 1,800 ಜನ ಅಂತ ಅಂದಾಜು.

ಈಗಿನ ದೆವ್ವದ ಕಥೆಗಳೆಲ್ಲ ಹುಟ್ಟಿದ್ದು ಆ ರಾತ್ರಿಯಿಂದಲೇ. ಆದರೆ ಊರು ಪಾಳುಬಿದ್ದದ್ದು ಅಲೆಯಿಂದ ಮಾತ್ರ ಅಲ್ಲ.

ಚಂಡಮಾರುತಕ್ಕೆ ಪಾಂಬನ್ ಸೇತುವೆಯ ನೂರಕ್ಕೂ ಹೆಚ್ಚು ಗರ್ಡರ್‌ಗಳು, ಅಂದರೆ ಹಳಿ ಹೊರುವ ತೊಲೆಗಳು, ಕೊಚ್ಚಿಹೋಗಿದ್ದವು. ಹಡಗಿಗೆ ದಾರಿ ಬಿಡಲು ಮೇಲೇಳುವ ನಡುವಿನ ಭಾಗ ಮಾತ್ರ ಗಟ್ಟಿಯಾಗಿ ನಿಂತಿತ್ತು. ರಿಪೇರಿಯ ಹೊಣೆ ಬಿದ್ದದ್ದು ಯುವ ಎಂಜಿನಿಯರ್ ಇ. ಶ್ರೀಧರನ್ ಮೇಲೆ. ಮುಂದೆ ನಮ್ಮ ಕಾರವಾರ, ಉಡುಪಿಗೆ ಕೊಂಕಣ ರೈಲು ತಂದವರು ಇವರೇ. ಸಮುದ್ರದಲ್ಲಿ ಬಿದ್ದಿದ್ದ ಗರ್ಡರ್‌ಗಳನ್ನೇ ಹುಡುಕಿ, ಎತ್ತಿಸಿ, ಮತ್ತೆ ಕೂರಿಸಿ 46 ದಿನಗಳಲ್ಲಿ ಸೇತುವೆ ಸಿದ್ಧ ಮಾಡಿಸಿದರು. ರೈಲು ಮತ್ತೆ ರಾಮೇಶ್ವರದವರೆಗೆ ಬಂತು. ಅಲ್ಲಿಂದ ಮುಂದಕ್ಕೆ ಬರಲಿಲ್ಲ. ಧನುಷ್ಕೋಡಿ ವಾಸಕ್ಕೆ ಯೋಗ್ಯವಲ್ಲ ಅಂತ ಸರ್ಕಾರ ಘೋಷಿಸಿತು. ಹಡಗು ಸಂಚಾರವೂ ರಾಮೇಶ್ವರಕ್ಕೆ ಹೋಯಿತು. ಸಮುದ್ರಕ್ಕೆ ಅಷ್ಟು ಹತ್ತಿರ ಮತ್ತೆ ಊರು ಕಟ್ಟದಿರುವುದು ಸರಿಯೇ ಇರಬಹುದು. ಆದರೆ ಊರು ಖಾಲಿಯಾದದ್ದು ಆ ಘೋಷಣೆಯಿಂದ, ಯಾವ ಶಾಪದಿಂದಲೂ ಅಲ್ಲ.

ಇನ್ನೊಂದು ಮಾತು. ಅದು ಪೂರ್ತಿ ಖಾಲಿಯೂ ಆಗಲಿಲ್ಲ. ಮೀನುಗಾರರು ವಾಪಸ್ ಬಂದರು. ಅವರ ಬಲೆ, ದೋಣಿ, ಹೊಟ್ಟೆಪಾಡು ಇದ್ದದ್ದು ಅಲ್ಲೇ ಅಲ್ವಾ? ಗರಿಯ ಗುಡಿಸಲು ಕಟ್ಟಿಕೊಂಡು ಈಗಲೂ ಬದುಕುತ್ತಿದ್ದಾರೆ. ಎರಡೂ ಕಡೆ ಸಮುದ್ರ ಇರುವ ಜಾಗದಲ್ಲಿ ಕುಡಿಯುವ ನೀರಿಗೇನು ಮಾಡುತ್ತಾರೆ? ಹೆಂಗಸರು ಮರಳಿನಲ್ಲಿ ಕೆಲವೇ ಅಡಿ ಒರತೆ ತೋಡುತ್ತಾರೆ. ಸಿಹಿನೀರು ಜಿನುಗುತ್ತದೆ. ಮರಳಿಗೆ ಇಳಿದ ಮಳೆನೀರು ಹಗುರ, ಉಪ್ಪುನೀರು ಭಾರ. ಹಾಗಾಗಿ ಸಿಹಿನೀರು ಮೇಲೆ ತೇಲಿಕೊಂಡೇ ಇರುತ್ತದೆ. ಜಾಸ್ತಿ ಆಳ ತೋಡಿದರೆ ಉಪ್ಪು ಸಿಗುತ್ತದೆ. ಅದಕ್ಕೇ ಮೇಲಿನ ನೀರನ್ನಷ್ಟೇ ನಿಧಾನಕ್ಕೆ ಮೊಗೆದು ಕೊಡಕ್ಕೆ ತುಂಬುತ್ತಾರೆ. ದೆವ್ವದ ಊರು ಅಂತ ವಿಡಿಯೊ ಮಾಡುವವರ ಕ್ಯಾಮೆರಾ ಈ ಕಡೆ ತಿರುಗುವುದೇ ಕಡಿಮೆ. ನನಗೆ ಬೇಜಾರಾಗುವುದು ಅದಕ್ಕೇ.

ಸಂಜೆಯ ನಿಷೇಧದ ಹಿಂದೆಯೂ ದೆವ್ವ ಇಲ್ಲ. ಬೀದಿದೀಪ ಇಲ್ಲದ ದಾರಿ, ಅಪಾಯದ ಸಮುದ್ರ, ಹತ್ತಿರದಲ್ಲೇ ಇನ್ನೊಂದು ದೇಶದ ಗಡಿ. ಅದಕ್ಕೇ ಕತ್ತಲಾಗುವ ಮುಂಚೆ ಪ್ರವಾಸಿಗರನ್ನು ವಾಪಸ್ ಕಳಿಸುತ್ತಾರೆ. ಮೊದಲೆಲ್ಲ ವ್ಯಾನಿನಲ್ಲಿ ಮರಳು, ಕೆಸರು ದಾಟಿಕೊಂಡು ಹೋಗಬೇಕಿತ್ತು. 2017ರಲ್ಲಿ ತುದಿಯ ಅರಿಚಲ್‌ಮುನೈವರೆಗೆ ಡಾಂಬರು ರಸ್ತೆ ಆಯಿತು. ಜನ ಹೆಚ್ಚಾದರು, ಜೊತೆಗೆ ಕಥೆಗಳೂ ಹೆಚ್ಚಾದವು. ಮೀನುಗಾರರ ಮನೆಯವರಿಗೆ ಶಂಖ, ಕಪ್ಪೆಚಿಪ್ಪು, ತಿಂಡಿ ಮಾರಿ ನಾಲ್ಕು ಕಾಸು ಸಿಗುವ ಹಾಗಾಯಿತು ಅನ್ನುವುದೂ ನಿಜ. ಹವಳದ ಕಲ್ಲಿನಲ್ಲಿ ಕಟ್ಟಿದ ಚರ್ಚಿನ ಗೋಡೆ ಮಾತ್ರ ಉಪ್ಪುಗಾಳಿಗೆ ವರ್ಷ ವರ್ಷ ಸವೆಯುತ್ತಲೇ ಇದೆ.

ರಾಮೇಶ್ವರದಿಂದ ಅಲ್ಲಿಗೆ ಸುಮಾರು 17 ಕಿ.ಮೀ. ಹಳಿ ಮತ್ತೆ ಹಾಕುತ್ತೇವೆ ಅಂತ 2019ರಲ್ಲಿ ಶಂಕುಸ್ಥಾಪನೆ ಆಯಿತು. ಹಳಿ ಬಂದಿಲ್ಲ. ಪ್ರವಾಸಿಗರ ರೈಲಿಗಿಂತ ಮೊದಲು ಅಲ್ಲಿ ಬದುಕುತ್ತಿರುವ ಕುಟುಂಬಗಳಿಗೆ ಕುಡಿಯುವ ನೀರು, ಕರೆಂಟ್, ಚಂಡಮಾರುತ ಬಂದಾಗ ಓಡಿಹೋಗಲು ಗಟ್ಟಿ ಕಟ್ಟಡ ಸಿಗಬೇಕು. 1964ರಲ್ಲಿ ಅಲ್ಲಿಯವರಿಗೆ ಇಲ್ಲದೇ ಹೋದದ್ದು ಆ ಕಟ್ಟಡವೇ.