ಮಾತ್ಸು: ಕಡಲಿನವರು ಕೂಗುವ ಹೆಸರು

ಚೀನಾದ ಕಡಲಿನವರಲ್ಲಿ ಒಂದು ಹಳೆಯ ನಂಬಿಕೆ ಇದೆ. ಬಿರುಗಾಳಿಗೆ ಸಿಕ್ಕಾಗ ದೇವಿಯನ್ನು ‘ತ್ಯೆನ್‌ಫೇ’ ಎಂದು ಕರೆಯಬಾರದು, ‘ಮಾತ್ಸು’ ಎಂದೇ ಕೂಗಬೇಕು. ತ್ಯೆನ್‌ಫೇ ಎಂದರೆ ದೇವಲೋಕದ ರಾಣಿ. ಹಾಗೆ ಕರೆದರೆ ಅವಳು ರಾಣಿಯ ಉಡುಪು ತೊಟ್ಟು, ಕಿರೀಟ ಇಟ್ಟುಕೊಂಡೇ ಹೊರಡಬೇಕು. ಅಷ್ಟು ಹೊತ್ತು ದೋಣಿ ತಡೆಯಬೇಕಲ್ಲ! ಮಾತ್ಸು ಎಂದರೆ ಮಾತ್ರ ತಲೆಗೂದಲು ಬಿಚ್ಚಿಕೊಂಡೇ, ಇದ್ದ ಹಾಗೇ ಓಡಿ ಬರುತ್ತಾಳೆ. 18ನೇ ಶತಮಾನದ ವಿದ್ವಾಂಸನೊಬ್ಬ ಈ ಮಾತನ್ನು ಬರೆದಿಟ್ಟಿದ್ದಾನೆ. ಆ ಹೆಸರಿನ ಅರ್ಥ ಹಿಡಿಯಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ.

‘ಮಾ’ ಎಂದರೆ ಅಮ್ಮ. ಫೂಜಿಯಾನ್ ಪ್ರಾಂತ್ಯದ ಹೊಕ್ಕಿಯೆನ್ ಮಾತಿನಲ್ಲಿ ಅಜ್ಜಿಗೂ ಅದೇ ಪದ. ‘ತ್ಸು’ ಎಂದರೆ ಹಿರೀಕರು, ವಂಶದ ಮೂಲದವರು. ಎರಡೂ ಸೇರಿದರೆ ನಾವು ಮನೆಯಲ್ಲಿ ‘ಮುತ್ತಜ್ಜಿ’ ಅಂತೀವಲ್ಲ, ಹೆಚ್ಚು ಕಡಿಮೆ ಅದೇ. ಆದರೆ ಈ ಮುತ್ತಜ್ಜಿ ಮದುವೆಯೇ ಆಗದ ಹುಡುಗಿ. ತೀರಿಕೊಂಡಾಗ ಅವಳಿಗೆ ಮೂವತ್ತೂ ತುಂಬಿರಲಿಲ್ಲ.

ಅವಳ ಊರು ಫೂಜಿಯಾನ್ ಕರಾವಳಿಯ ಮೇಯ್‌ಝೋ ದ್ವೀಪ. ಲಿನ್ ಮನೆತನದಲ್ಲಿ 960ರಲ್ಲಿ ಹುಟ್ಟಿದಳು ಎನ್ನುತ್ತಾರೆ. ಹುಟ್ಟಿ ಒಂದು ತಿಂಗಳಾದರೂ ಮಗು ಅಳಲಿಲ್ಲವಂತೆ. ಅದಕ್ಕೇ ‘ಮೋ’, ಅಂದರೆ ಮೌನಿ ಎಂದು ಹೆಸರಿಟ್ಟರು. ದೊಡ್ಡವಳಾದ ಮೇಲೆ ಕೆಂಪು ಬಟ್ಟೆ ಉಟ್ಟು ದಡದಲ್ಲಿ ನಿಲ್ಲುತ್ತಿದ್ದಳು. ಮೀನು ಹಿಡಿಯಲು ಹೋದವರಿಗೆ ದೂರದಿಂದಲೇ ದಡದ ಗುರುತು ಸಿಗಲಿ ಎಂದು.

ಅವಳ ಬಗ್ಗೆ ಇರುವ ಕಥೆಗಳಲ್ಲಿ ಮನಸ್ಸಿಗೆ ಜಾಸ್ತಿ ನಾಟುವುದು ಮಗ್ಗದ ಕಥೆ. ಅಪ್ಪ, ಅಣ್ಣಂದಿರು ಕಡಲಿಗೆ ಹೋಗಿದ್ದಾರೆ. ಇವಳು ಮಗ್ಗದ ಮುಂದೆ ಕೂತು ನೇಯುತ್ತಿದ್ದಾಳೆ. ಹೊರಗೆ ಗಾಳಿ ಎದ್ದಿದೆ. ಇದ್ದಕ್ಕಿದ್ದಂತೆ ಅವಳ ಕಣ್ಣು ಮುಚ್ಚಿಕೊಂಡವು, ಮೈ ಬಿಗಿಯಾಯಿತು. ಜೀವ ಅಲ್ಲಿ ಅಲೆಗಳ ನಡುವೆ ಅಪ್ಪ, ಅಣ್ಣಂದಿರನ್ನು ಹಿಡಿದುಕೊಂಡಿತ್ತು, ಒಬ್ಬರನ್ನು ಹಲ್ಲಿನಲ್ಲಿ ಕಚ್ಚಿಕೊಂಡು. ಮಗಳಿಗೆ ಏನೋ ಆಯಿತೆಂದು ಅಮ್ಮ ಗಾಬರಿಯಾಗಿ ಕೂಗಿದಳು. ಮಗಳು ‘ಓ’ ಎಂದಳು. ಬಾಯಿ ತೆರೆದದ್ದೇ ತಡ, ಕಚ್ಚಿ ಹಿಡಿದವನು ಜಾರಿ ಹೋದ. ಅವನು ಅಪ್ಪ ಎಂದು ಕೆಲವರು, ಅಣ್ಣ ಎಂದು ಕೆಲವರು ಹೇಳುತ್ತಾರೆ. ಮೌನಿ ಎಂದು ಹೆಸರಿಟ್ಟುಕೊಂಡ ಹುಡುಗಿ ಒಂದೇ ಒಂದು ಸಲ ಅಮ್ಮನಿಗೆ ಓಗೊಟ್ಟಿದ್ದಕ್ಕೆ ಒಂದು ಜೀವ ಹೋಯಿತು. ಈ ಕಥೆ ಓದಿದಾಗಲೆಲ್ಲ ನನಗೆ ಅಮ್ಮ, ಮಗಳು ಇಬ್ಬರನ್ನೂ ನೆನೆದು ಸಂಕಟ ಆಗುತ್ತೆ.

ಅವಳು ಹೋದದ್ದು 987ರಲ್ಲಿ. ಒಂಬತ್ತನೇ ತಿಂಗಳ ಒಂಬತ್ತನೇ ದಿನ ದ್ವೀಪದ ಗುಡ್ಡ ಹತ್ತಿ, ಮೋಡದೊಳಗೆ ಸೇರಿಹೋದಳು ಎಂಬುದು ಮೇಯ್‌ಝೋ ಜನರ ನಂಬಿಕೆ. ಅಲ್ಲೇ ಒಂದು ಪುಟ್ಟ ಗುಡಿ ಕಟ್ಟಿದರು. ಈಗ ಅದು ಎಲ್ಲ ಮಾತ್ಸು ಗುಡಿಗಳ ಮೂಲ ಗುಡಿ.

ಬೇರೊಂದು ದ್ವೀಪದಲ್ಲಿ ಬೇರೆ ಕಥೆ. ಅಪ್ಪನನ್ನು ಹುಡುಕುತ್ತಾ ಅವಳು ಕಡಲಿಗೆ ಹಾರಿದಳು, ದೇಹ ತೇಲುತ್ತಾ ನಾನ್‌ಗಾನ್ ದ್ವೀಪ ಸೇರಿತು, ಊರಿನವರು ಅಲ್ಲೇ ಮಣ್ಣು ಮಾಡಿದರು ಎನ್ನುತ್ತಾರೆ. ಅಲ್ಲಿನ ಗುಡಿಯಲ್ಲಿ ದೇವಿಯ ಮುಂದೆ ಒಂದು ಕಲ್ಲುಚಪ್ಪಡಿ ಇದೆ. ಅದು ಅವಳ ಸಮಾಧಿಯಂತೆ. ತೈವಾನ್ ಆಡಳಿತದಲ್ಲಿರುವ ಆ ದ್ವೀಪಗಳ ಗುಂಪಿಗೇ ಮಾತ್ಸು ಎಂದು ಹೆಸರು. ಬರೆಯುವಾಗ ಮಾತ್ರ ಒಂದು ವ್ಯತ್ಯಾಸ. ದೇವಿಯ ‘ಮಾ’ ಅಕ್ಷರದಲ್ಲಿ ಎಡಕ್ಕೆ ಹೆಣ್ಣು, ಬಲಕ್ಕೆ ಕುದುರೆ. ಕುದುರೆ ಅಲ್ಲಿರುವುದು ಉಚ್ಚಾರಕ್ಕಷ್ಟೇ. ದ್ವೀಪದ ಹೆಸರಲ್ಲಿ ಹೆಣ್ಣನ್ನು ಬಿಟ್ಟು ಬರೀ ಕುದುರೆ ಬರೆಯುತ್ತಾರೆ.

ಬಿರುದುಗಳು ಆಮೇಲೆ ಬಂದವು. 1123ರಲ್ಲಿ ಕೊರಿಯಾಕ್ಕೆ ಹೊರಟ ರಾಯಭಾರಿಯ ಹಡಗು ಅವಳಿಂದ ಉಳಿಯಿತೆಂದು ಸೋಂಗ್ ಚಕ್ರವರ್ತಿ ಗುಡಿಗೆ ಫಲಕ ಕೊಟ್ಟ. ತ್ಯೆನ್‌ಫೇ ಎಂದು ಕರೆದವನು 1281ರಲ್ಲಿ ಕುಬ್ಲೈ ಖಾನ್. ನಮ್ಮ ಕಲ್ಲಿಕೋಟೆಯವರೆಗೆ ಬಂದಿದ್ದ ನೌಕಾಧಿಪತಿ ಝೆಂಗ್ ಹೆ, 1431ರಲ್ಲಿ ಅವಳಿಗೆ ಕೃತಜ್ಞತೆ ಹೇಳಿ ಶಾಸನ ಹಾಕಿಸಿದ. ಮಕಾವ್ ಹೆಸರೂ ‘ಆ-ಮಾ-ಗಾವ್’, ಅಂದರೆ ಆ-ಮಾಳ ಕೊಲ್ಲಿ ಎಂಬುದರಿಂದ ಬಂತು ಎನ್ನುತ್ತಾರೆ. ಆ-ಮಾ ಎಂದರೂ ಇವಳೇ.

ಅವಳ ಗುಡಿಯೊಳಗೆ ಕಾಲಿಟ್ಟರೆ ಎರಡು ಕಡೆ ಇಬ್ಬರು ಕಾವಲುಗಾರರು ಕಾಣುತ್ತಾರೆ. ಒಬ್ಬ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ದೂರ ನೋಡುತ್ತಿರುತ್ತಾನೆ. ಇನ್ನೊಬ್ಬ ಕಿವಿಗೆ ಕೈಯಿಟ್ಟು ಆಲಿಸುತ್ತಿರುತ್ತಾನೆ. ಮುಳುಗುವವರನ್ನು ಒಬ್ಬ ನೋಡಬೇಕು, ಅವರ ಕೂಗನ್ನು ಇನ್ನೊಬ್ಬ ಕೇಳಿಸಿಕೊಳ್ಳಬೇಕು.

ಹೊಸ ಊರಲ್ಲಿ ಗುಡಿ ಕಟ್ಟುವವರು ಹಳೆಯ ಗುಡಿಯ ಧೂಪದ ಬೂದಿಯನ್ನು ತಂದು ತಮ್ಮ ಧೂಪದ ಪಾತ್ರೆಗೆ ಹಾಕುತ್ತಾರೆ. ಆಗ ಹಳೆಯದು ತಾಯಿ, ಹೊಸದು ಮಗಳು. ಮಗಳ ಗುಡಿಯಿಂದ ದೇವಿಯನ್ನು ಮೇಯ್‌ಝೋಗೆ ಕರೆದುಕೊಂಡು ಹೋಗುವುದಕ್ಕೆ ಅವರು ‘ತವರಿಗೆ ಹೋಗುವುದು’ ಎಂದೇ ಹೇಳುತ್ತಾರೆ. ಮೇಯ್‌ಝೋ ಗುಡಿ ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ನೆಲಸಮವಾಗಿತ್ತು. ಊರಿನವರು ಅದನ್ನು ಮತ್ತೆ ಎಬ್ಬಿಸಿದರು. 1987ಕ್ಕೆ ಅವಳು ಹೋಗಿ ಸಾವಿರ ವರ್ಷ. ತೈವಾನಿನಿಂದ ಚೀನಾಕ್ಕೆ ನೇರ ದಾರಿ ಇರಲಿಲ್ಲ. ದಾಜ್ಯಾ ಊರಿನ ಭಕ್ತರು ಜಪಾನ್ ಸುತ್ತಿಕೊಂಡು ಅವಳ ತವರಿಗೆ ಹೋದರು.