ಕಾಂಡ್ಲಾ ಓದುವಾಗ ಉಪ್ಪಿನಿಂದ ಶುರು ಮಾಡಿ

ಕಾಂಡ್ಲಾ, ಅಂದರೆ ಅಳಿವೆಯ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್, ಉಪ್ಪು ಬೇಡುವ ಗಿಡ ಅಂತ ಬಹಳ ಜನ ಬರೆಯುತ್ತಾರೆ. ನಾನೂ ಮೊದಲು ಹಾಗೇ ಬರೆದಿದ್ದೆ. ಅದು ಉಪ್ಪನ್ನು ತಾಳಿಕೊಳ್ಳುತ್ತದೆ, ಅಷ್ಟೇ. ಚೆನ್ನಾಗಿ ಬೆಳೆಯುವುದು ಹೊಳೆನೀರೂ ಕಡಲನೀರೂ ಬೆರೆಯುವ ಅಳಿವೆಯಲ್ಲಿ. ಈ ಒಂದು ಮಾತು ಹಿಡಿದರೆ ಪಾಠದ ಅರ್ಧ ಮುಗಿದಂತೆ.

ಕಾಂಡ್ಲಾದಲ್ಲಿ ರೈಜೋಫೊರಾ, ಅವಿಸೆನ್ನಿಯಾ ಹೀಗೆ ಹಲವು ಜಾತಿ; ಉಪ್ಪು ತಾಳಿಕೊಳ್ಳುವ ಬಗೆ ಒಂದೊಂದಕ್ಕೂ ಬೇರೆ. ರೈಜೋಫೊರಾ ಬಹುಪಾಲು ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ. ಅವಿಸೆನ್ನಿಯಾ ಒಳಗೆ ಬಂದ ಉಪ್ಪನ್ನು ಎಲೆಯಿಂದ ಹೊರಹಾಕುತ್ತದೆ. ಒಣ ಬಿಸಿಲಲ್ಲಿ ಎಲೆಯ ಮೇಲೆ ಹರಳು ಕಾಣುತ್ತದೆ. ಕೆಸರಿನಲ್ಲಿ ಉಸಿರಾಡಲು ಗಾಳಿ ಇಲ್ಲ. ಅದಕ್ಕೇ ಅವಿಸೆನ್ನಿಯಾದ ಬೇರುಗಳು ಪೆನ್ಸಿಲ್ ನೆಟ್ಟ ಹಾಗೆ ಮೇಲೆ ಬರುತ್ತವೆ. ರೈಜೋಫೊರಾದ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುತ್ತದೆ. ಪರೀಕ್ಷೆಗೆ ಇದು ಖಾಯಂ ಪ್ರಶ್ನೆ!

ಇನ್ನು ಪ್ರಾಣಿಗಳು. ಉದುರಿದ ಎಲೆಯನ್ನು ಏಡಿಗಳು ಚೂರು ಮಾಡುತ್ತವೆ, ಉಳಿದದ್ದು ಕೊಳೆಯುತ್ತದೆ. ಸಿಗಡಿ, ಮರಿಮೀನುಗಳಿಗೆ ಊಟ ಅದರಿಂದಲೇ. ದೊಡ್ಡ ಮೀನು ಬೆನ್ನಟ್ಟಿದರೆ ಅಡಗಲು ಬೇರಿನ ಸಂದಿ ಇದೆ. ಇವನ್ನು ನಂಬಿ ಬೆಳ್ಳಕ್ಕಿ, ಮಿಂಚುಳ್ಳಿ, ನೀರುನಾಯಿ ಬರುತ್ತವೆ. ಸೊನ್ನರೇಷಿಯಾ ಅನ್ನುವ ಇನ್ನೊಂದು ಕಾಂಡ್ಲಾದ ಹೂ ಅರಳುವುದು ರಾತ್ರಿ. ಬಾವಲಿಗಳು ಅದರ ಮಕರಂದಕ್ಕೆ ಬಂದು ಪರಾಗ ಹೊರುತ್ತವೆ.

ಈಗ ನಮ್ಮ ಉತ್ತರ ಕನ್ನಡಕ್ಕೆ ಬನ್ನಿ. ಕುಮಟಾದ ಅಘನಾಶಿನಿ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿನೀರು ಕಡಲಿಗೆ ನುಗ್ಗುತ್ತದೆ, ಬೇಸಿಗೆಯಲ್ಲಿ ಭರತಿಯ ಜತೆ ಉಪ್ಪುನೀರು ಒಳಗೆ ಬರುತ್ತದೆ. ಈ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತು. ಇಳಿತದ ಹೊತ್ತಿಗೆ ಇಲ್ಲಿ ಚಿಪ್ಪಿಕಲ್ಲು (ತಿನ್ನುವ ಚಿಪ್ಪುಜೀವಿ) ಹೆಕ್ಕಿ ಬದುಕುವ ಕುಟುಂಬಗಳು ಬಹಳ. ಪಕ್ಕದ ಹೊನ್ನಾವರದ ಶರಾವತಿಯ ಕಥೆ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆಮೇಲೆ ವಿದ್ಯುತ್ ಮಾಡಿದ ನೀರು ವರ್ಷವಿಡೀ ಅಳಿವೆಗೆ ಇಳಿಯುತ್ತಿದೆ, ಬೇಸಿಗೆಯಲ್ಲೂ ಉಪ್ಪು ಅಷ್ಟಾಗಿ ಏರುವುದಿಲ್ಲ. ಅಲ್ಲೂ ಕಾಂಡ್ಲಾ ಇದೆ, ಆದರೆ ಚಿಪ್ಪಿಕಲ್ಲು ಅಘನಾಶಿನಿಯಷ್ಟು ಸಿಗುವುದಿಲ್ಲ. ಸಿಹಿನೀರು ಜಾಸ್ತಿಯಾದರೂ ತೊಂದರೆಯೇ, ಅಲ್ವಾ? ಎರಡು ಅಳಿವೆಗಳನ್ನು ಹೋಲಿಸಿ ಬರೆಯಿರಿ, ಸುಮ್ನೆ ಲಕ್ಷಣಗಳ ಪಟ್ಟಿ ಬೇಡ.

ಗಜನಿ ಗದ್ದೆ ಬಿಟ್ಟರೆ ಉತ್ತರ ಅರ್ಧವೇ. ಅಳಿವೆಯಂಚಿನ ಈ ಗದ್ದೆಗಳಿಗೆ ಸುತ್ತ ಕಟ್ಟೆ ಇರುತ್ತದೆ. ಮುಂಗಾರಿನ ನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ; ಸ್ವಲ್ಪ ಉಪ್ಪು ನುಗ್ಗಿದರೂ ಕಗ್ಗ ತಡೆಯುತ್ತದೆ. ಕುಯ್ಲಾದ ಮೇಲೆ ಅದೇ ಗದ್ದೆಗೆ ಭರತಿಯ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಉಳಿದ ಹುಲ್ಲು ಕೊಳೆತು ಅವುಗಳ ಮೇವಾಗುತ್ತದೆ.

ಕಟ್ಟೆಯ ಹೊರಗೆ ಕಾಂಡ್ಲಾ ಇದ್ದರೆ ಅಲೆಯ ಹೊಡೆತ ಕಟ್ಟೆಗೆ ತಟ್ಟುವುದು ಕಮ್ಮಿ. ಅದೇ ಗಿಡ ಬೇಸಾಯ ನಿಂತ ಗಜನಿಯ ಒಳಗೆ ಹಬ್ಬಿದರೆ ರೈತನಿಗೆ ಗದ್ದೆಯೂ ಇಲ್ಲ, ಬಲೆ ಬೀಸಲು ಜಾಗವೂ ಇಲ್ಲ. ‘ಕಾಂಡ್ಲಾ ನೆಡುವುದು ಯಾವಾಗಲೂ ಒಳ್ಳೆಯದು’ ಅಂತ ಬರೆಯುವ ಮುಂಚೆ, ಕಟ್ಟೆಯ ಯಾವ ಬದಿಗೆ ಅಂತ ಕೇಳಿಕೊಳ್ಳಿ.